ಕೈತುಂಬ ಕೆಲಸ ಇದ್ದಾಗ ತಲೆಯ ಸೆಟ್ಟಿಂಗ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ, ಬೇರೆಯವರ ಬಿಡಿಭಾಗ ಮಾಡಿಕೊಡುವ ಯಾವುದಾದರೂ ಜಾಬ್‌ವರ್ಕ್ ಶಾಪ್‌ಗೆ ಹೋಗಿ ನೋಡಿ. ಸಿಎನ್‌ಸಿ ಲೇತ್‌ನಿಂದ (ಕಂಪ್ಯೂಟರ್ ನಡೆಸುವ ಕಡೆಯುವ ಮಷಿನ್) ಒಂದು ಪಾರ್ಟಿಯ, ಅಂದರೆ ಗಿರಾಕಿಯ, ಶಾಫ್ಟ್ ಇಳಿಸಿ ಇನ್ನೊಬ್ಬರ ಬುಷ್ ಏರಿಸಬೇಕಾದರೆ ಪೀಸ್ ಹಿಡಿಯುವ ಜಾ ಬದಲಿಸಬೇಕು, ಟೂಲ್ ಬದಲಿಸಬೇಕು, ಟೂಲಿನ ಅಳತೆ ಹೊಂದಿಸುವ ಆಫ್‌ಸೆಟ್ ಹಾಕಬೇಕು, ಮೊದಲ ಪೀಸಿನ ಅಳತೆ ನೋಡಬೇಕು. ಇದಕ್ಕೇ ಸೆಟ್ಟಿಂಗ್ ಅನ್ನುವುದು. ಅಷ್ಟು ಹೊತ್ತು ಒಂದು ಪೀಸೂ ಹೊರಗೆ ಬರುವುದಿಲ್ಲ. ಅದಕ್ಕೇ ಹಿಡಿದ ಲಾಟ್ ಮುಗಿಯುವವರೆಗೆ ಯಾರೂ ಸುಮ್ನೆ ಸೆಟ್ಟಿಂಗ್ ಮುರಿಯುವುದಿಲ್ಲ. ತಲೆಗೂ ಸೆಟ್ಟಿಂಗ್ ಬೇಕು ಅಲ್ವಾ? ಅದನ್ನು ಮಾತ್ರ ದಿನಕ್ಕೆ ಇಪ್ಪತ್ತು ಸಲ ಮುರಿಯುತ್ತೇವೆ.

ನಾನು ಇಲ್ಲಿ ಮಷಿನ್ ಡ್ರಾಯಿಂಗ್ ಮಾಡಿಕೊಡುವವನು. ಒಂದು ಮಳೆಗಾಲದಲ್ಲಿ ಐದು ಪಾರ್ಟಿ ಕೆಲಸ ಒಟ್ಟಿಗೆ ಹಿಡಿದೆ. ಒಬ್ಬರ ಅಳತೆ ಇನ್ನೊಬ್ಬರ ಶೀಟ್‌ಗೆ ಹೋಯಿತು. 42 ಮಿ.ಮೀ. ಬೋರ್ (ಒಳಗಿನ ತೂತು) ಇರಬೇಕಾದಲ್ಲಿ 45. ಸಣ್ಣದಾಗಿದ್ದರೆ ಮತ್ತೆ ಬೋರ್ ಹೊಡೆಯಬಹುದಿತ್ತು. ಹನ್ನೆರಡು ಪೀಸ್ ಗುಜರಿಗೆ ಹೋದವು. ಆಮೇಲೆ ರೂಢಿಸಿಕೊಂಡ ಕ್ರಮ ಇದು.

ಮೊದಲು, ಕೈಯಲ್ಲಿರುವ ಎಲ್ಲ ಕೆಲಸ ಒಂದೇ ಹಾಳೆಯಲ್ಲಿ ಬರೆಯಿರಿ. "ಐದ ನಿಮಿಷದ್ದು, ಸಣ್ಣ ಕರೆಕ್ಷನ್ ಐತ್ರಿ" ಎಂದು ವಾಟ್ಸ್‌ಆಪ್‌ನಲ್ಲಿ ಬಂದದ್ದನ್ನೂ ಬಿಡಬೇಡಿ. ಜೀವ ತಿನ್ನುವುದು ಅವೇ.

ಎರಡನೆಯದು, ಅದರಲ್ಲಿ ಎರಡಕ್ಕೆ ಮಾತ್ರ ಟಿಕ್ ಹಾಕಿ. ಅವು ಚಾಲೂ, ಉಳಿದವು ಪಾಳಿಯಲ್ಲಿ. ಇದರ ಹಿಂದಿನ ಲೆಕ್ಕವನ್ನು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ್ದಾರೆ: ಚಾಲೂ ಇರುವ ಕೆಲಸಗಳನ್ನು ವಾರಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿದರೆ, ಒಂದು ಕೆಲಸಕ್ಕೆ ಸರಾಸರಿ ಎಷ್ಟು ವಾರ ಎಂದು ಸಿಗುತ್ತದೆ. ವಾರಕ್ಕೆ ಎರಡು ಮುಗಿಸುವವರು ಆರು ಬಿಚ್ಚಿಟ್ಟರೆ ಒಂದೊಂದಕ್ಕೆ 3 ವಾರ. ಎರಡೇ ಬಿಚ್ಚಿದರೆ 1 ವಾರ. ಉಳಿದವು ಹಾಳೆಯ ಮೇಲೆ ಕಾಯಲಿ.

ಮೂರನೆಯದು, ಬೆಳಗ್ಗೆ ಒಂದು ಕೆಲಸ, ಊಟದ ನಂತರ ಇನ್ನೊಂದು. ನಿಲ್ಲಿಸುವಾಗ ಚೀಟಿ ಬರೆದಿಡಿ. ನನ್ನದು ಹೀಗಿರುತ್ತದೆ: "ಫ್ಲೇಂಜ್ ಆಯಿತು. ಕೀವೇ ಅಳತೆ ಕೇಳಬೇಕು. ಮೂರನೇ ಶೀಟ್‌ನಿಂದ ಶುರು." ಅರ್ಧಕ್ಕೆ ಬಿಟ್ಟ ಕೆಲಸದಲ್ಲಿ ನಮ್ಮ ಗಮನದ ಒಂದು ಪಾಲು ಅಂಟಿಕೊಂಡೇ ಇರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಚೀಟಿ ಬರೆದ ಮೇಲೆ ನನಗಂತೂ ಅದು ಬಿಡುತ್ತದೆ.

ಇನ್ನು ಕಷ್ಟದ್ದು, ಅರ್ಜೆಂಟ್ ಫೋನ್. "ನಾಳೆ ಕೊಡ್ತೀನ್ರಿ" ಅನ್ನಬೇಡಿ. ನಾನು ಹೇಳುವುದು ಇಷ್ಟೇ: "ಹಿಡೀತೀನ್ರಿ. ಆದ್ರ ನಿಮ್ಮ ಹಳೇ ಕೆಲಸ ಎರಡ ದಿನ ಮುಂದ ಹೋಗ್ತದ. ಯಾವುದು ಮೊದಲ ಬೇಕ್ರಿ?" ಮುಕ್ಕಾಲು ಮಂದಿ ಹಳೆಯದನ್ನೇ ಕೇಳುತ್ತಾರೆ. ಆಫೀಸಿನಲ್ಲಿದ್ದರೆ ಸಾಹೇಬರಿಗೂ ಇದೇ ಪ್ರಶ್ನೆ.

ಇಷ್ಟಾದರೂ ದಣಿವು ಬಿಡದಿದ್ದರೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸದಿಂದ ಬರುವ ಸ್ಥಿತಿ ಎಂದು ಪಟ್ಟಿ ಮಾಡಿತು, ಕಾಯಿಲೆ ಅಂತಲ್ಲ. ಲಕ್ಷಣ ಮೂರು: ಪೂರ್ತಿ ಬಸವಳಿಯುವುದು, ಕೆಲಸದ ಮೇಲೆ ಬೇಸರ ಅಥವಾ ತಾತ್ಸಾರ, ಮೊದಲಿನಂತೆ ಕೆಲಸ ಸಾಗದಿರುವುದು. ನನಗೆ ಮೊದಲು ಬಂದದ್ದು ಎರಡನೆಯದು. ಪಾರ್ಟಿಯೊಬ್ಬರು ಕುಂದಾ ಡಬ್ಬಿ ಕೊಡಲು ಫೋನ್ ಮಾಡಿದಾಗಲೂ ಮೈ ಉರಿದಿತ್ತು. ಹಾಗಾದರೆ ಡಾಕ್ಟರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.