ವಿಷಯದ ಪಟ್ಟಿ ಬದಿಗಿಡಿ, ಪ್ರಶ್ನೆ ಹುಡುಕಲಿ ಬಿಡಿ

ಸಂಶೋಧನಾ ಪ್ರಬಂಧ ಬರೆಯಿರಿ ಎಂದ ಕೂಡಲೇ ಹೈಸ್ಕೂಲ್ ಮಕ್ಕಳು ‘ಯಾವ ವಿಷಯ ತಗೊಳ್ಳಲಿ?’ ಎಂದು ಕೇಳುತ್ತಾರೆ. ನಾವೂ ತಡ ಮಾಡುವುದಿಲ್ಲ. ಮಾಲಿನ್ಯ, ಮೊಬೈಲ್ ಚಟ, ಬಾಹ್ಯಾಕಾಶ ಎಂದು ಪಟ್ಟಿ ಹಿಡಿಸಿಬಿಡುತ್ತೇವೆ. ಮಗು ಒಂದನ್ನು ಆರಿಸಿ, ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನು ಜೋಡಿಸಿ ಕೊಡುತ್ತದೆ. ಓದುವವರಿಗೂ ಬೇಸರ, ಬರೆದವರಿಗೂ ಬೇಸರ. ಪಟ್ಟಿ ಬಿಟ್ಟು ಹೀಗೆ ಮಾಡಿ ನೋಡಿ.

ಮೊದಲ ಹೆಜ್ಜೆ: ಒಂದು ವಾರ ಪ್ರಶ್ನೆ ಬರೆದಿಡಲಿ

‘ಇದ್ಯಾಕೆ ಹೀಗೆ?’ ಅನಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಗೀಚಲಿ. ಪೆದ್ದು ಪ್ರಶ್ನೆ ಅಂತ ಯಾವುದನ್ನೂ ಹೊಡೆದು ಹಾಕಬಾರದು. 1963ರಲ್ಲಿ ಎರಾಸ್ಟೊ ಎಂಪೆಂಬಾ ಎಂಬ ಟಾಂಜಾನಿಯಾದ ಶಾಲಾ ಹುಡುಗ ಐಸ್‌ಕ್ರೀಂ ಮಾಡುವಾಗ ಹಾಲನ್ನು ಆರಿಸದೆ ಬಿಸಿಯಾಗಿಯೇ ಫ್ರೀಜರ್‌ಗೆ ಇಟ್ಟ. ಆರಿಸಿ ಇಟ್ಟ ಹಾಲಿಗಿಂತ ಅದೇ ಬೇಗ ಗಟ್ಟಿಯಾಯಿತು. ಯಾಕೆ ಎಂದು ಕೇಳಿದರೆ, ನಿನಗೇ ಏನೋ ಗೊಂದಲ ಎಂದರು ಮೇಷ್ಟ್ರು. ಹುಡುಗ ಬಿಡಲಿಲ್ಲ. ಮುಂದೆ ಡೆನಿಸ್ ಆಸ್ಬರ್ನ್ ಎಂಬ ಭೌತವಿಜ್ಞಾನಿಯನ್ನೂ ಅದನ್ನೇ ಕೇಳಿದ. ಅವರು ನಗದೆ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರ ಹೆಸರಲ್ಲೂ ಲೇಖನ ಬಂತು. ಆ ಪರಿಣಾಮ ನಿಜವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಒಮ್ಮತವಿಲ್ಲ. ಹೈಸ್ಕೂಲ್ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಎರಡನೇ ಹೆಜ್ಜೆ: ಕತ್ತರಿಸಿ, ಇನ್ನೂ ಕತ್ತರಿಸಿ

ಮಕ್ಕಳು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ಪರಿಸರ’ ಎನ್ನುವುದು ಪ್ರಬಂಧದ ವಿಷಯವಲ್ಲ, ಒಂದು ಲೈಬ್ರರಿಯ ವಿಷಯ. ಎಲ್ಲಿ, ಯಾವಾಗ, ಯಾರು, ಯಾಕೆ ಎಂದು ಕೇಳುತ್ತಾ ಹೋಗಿ. ಪರಿಸರದಿಂದ ಓಝೋನ್ ಪದರಕ್ಕೆ ಬರಲಿ. ಅಂಟಾರ್ಕ್ಟಿಕಾದ ಮೇಲೆ ಆ ಪದರ ತೆಳುವಾಗುತ್ತಿರುವುದನ್ನು ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. 1987ರಲ್ಲೇ ಆ ಪದರವನ್ನು ಉಳಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಈಗ ಪ್ರಶ್ನೆ ತಾನಾಗಿಯೇ ಏಳುತ್ತದೆ: ದೇಶಗಳು ಎರಡೇ ವರ್ಷದಲ್ಲಿ ಒಪ್ಪಿದ್ದು ಹೇಗೆ? ಹವಾಮಾನ ಬದಲಾವಣೆಗೆ ಅದೇ ವೇಗ ಯಾಕೆ ಬರಲಿಲ್ಲ?

‘ನಂಗೆ ಆಟ ಬಿಟ್ರೆ ಏನೂ ಇಷ್ಟ ಇಲ್ಲ’ ಎನ್ನುವ ಹುಡುಗಿಗೂ ದಾರಿ ಇದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ ಎತ್ತರ ಜಿಗಿತದ ಚಿನ್ನ ಗೆದ್ದರು. ಮೊದಲಿನಂತೆ ಮರಳಿನ ಮೇಲೆ ಬೀಳಬೇಕಿದ್ದರೆ ಹಾಗೆ ಹಾರುವ ಧೈರ್ಯ ಯಾರಿಗೆ ಬರುತ್ತಿತ್ತು? ಹಾಗಾದರೆ ಆ ಆಟವನ್ನು ಬದಲಿಸಿದ್ದು ಆಟಗಾರನೋ, ಕೆಳಗಿದ್ದ ಮೆತ್ತನೆಯ ಹಾಸೋ?

ಮೂರನೇ ಹೆಜ್ಜೆ: ಪರೀಕ್ಷಿಸಿ

ಒಂದೇ ಸಾಲಿನಲ್ಲಿ ಉತ್ತರ ಸಿಕ್ಕರೆ ಆ ಪ್ರಶ್ನೆ ಸಾಲದು. ‘ಕೀಬೋರ್ಡ್ ಅಕ್ಷರಗಳ ಈಗಿನ ಜೋಡಣೆ ಯಾವ ಕಾಲದ್ದು?’ ಎಂದರೆ 1870ರ ದಶಕದ ಟೈಪ್‌ರೈಟರ್ ಕಾಲದ್ದು, ಮುಗಿಯಿತು. ‘ಹೀಗೇ ಯಾಕೆ ಜೋಡಿಸಿದರು?’ ಎಂದು ಕೇಳಿ ನೋಡಿ. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಅಂತ, ಎನ್ನುತ್ತಾರೆ ಜಾಸ್ತಿ ಜನ. ತಂತಿ ಸಂದೇಶ ಬರೆದುಕೊಳ್ಳುವವರ ಅನುಕೂಲಕ್ಕೆ ಎನ್ನುವವರೂ ಇದ್ದಾರೆ. ಎರಡು ಉತ್ತರ ಜಗಳಕ್ಕೆ ನಿಂತಲ್ಲಿ ಬರೆಯಲು ಜಾಗವಿದೆ.

ಆಮೇಲೆ ಅರ್ಧ ಗಂಟೆ ಹುಡುಕಲಿ. ಮಗುವಿಗೆ ಅರ್ಥವಾಗುವ ಮೂರ್ನಾಲ್ಕು ನಂಬಬಹುದಾದ ಮೂಲಗಳೂ ಸಿಗದಿದ್ದರೆ, ಪ್ರಶ್ನೆ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ವಿಕಿಪೀಡಿಯ ನೋಡಬಾರದು ಎಂದೇನಿಲ್ಲ. ಪುಟದ ಕೊನೆಯಲ್ಲಿರುವ ಆಕರಗಳತ್ತ ಹೋಗಲು ಕಲಿಸಿ, ಸಾಕು. ಎಐ ಚಾಟ್‌ಬಾಟ್ ಬಳಸಿದರೆ ಒಂದು ಎಚ್ಚರ: ಇಲ್ಲದ ಪುಸ್ತಕದ ಹೆಸರನ್ನೂ ಅದು ಧೈರ್ಯವಾಗಿ ಹೇಳಬಲ್ಲದು. ತೆರೆದು ಓದದ ಮೂಲವನ್ನು ಪ್ರಬಂಧದಲ್ಲಿ ಸೇರಿಸಬಾರದು.

ನಾಲ್ಕನೇ ಹೆಜ್ಜೆ ದೊಡ್ಡವರಿಗೆ: ಸುಮ್ನಿರಿ

ಮಗು ತಡವರಿಸುವಾಗ ಉತ್ತರ ಹೇಳಿಕೊಡುವ ಆಸೆ ಬರುತ್ತದೆ ಅಲ್ವಾ? ತಡೆದುಕೊಳ್ಳಿ. ‘ಇದರಲ್ಲಿ ನಿನಗೆ ಆಶ್ಚರ್ಯ ಅನಿಸಿದ್ದು ಯಾವುದು?’, ‘ಇದನ್ನು ಒಪ್ಪದವರು ಏನು ಹೇಳಬಹುದು?’ ಇಷ್ಟು ಕೇಳಿದರೆ ಸಾಕು. ನಿಮಗಿಷ್ಟದ ವಿಷಯವನ್ನು ಅವರ ಬಾಯಲ್ಲಿ ಹೇಳಿಸಬೇಡಿ.

ಓದುತ್ತಾ ಹೋದಂತೆ ಪ್ರಶ್ನೆ ಸ್ವಲ್ಪ ಬದಲಾದರೆ ಹೆದರಬೇಕಿಲ್ಲ, ಓದು ನಡೆದಿದೆ ಎಂದರ್ಥ. ಆದರೆ ಬದಲಿಸಲು ಒಂದು ಗಡುವಿರಲಿ. ಬರೆಯಲು ಸಿಕ್ಕ ಸಮಯದ ಮೂರನೇ ಒಂದು ಭಾಗ ಕಳೆಯುವಷ್ಟರಲ್ಲಿ ಪ್ರಶ್ನೆ ಗಟ್ಟಿಯಾಗಬೇಕು.