ನೀರಿನಲ್ಲಿ ತೂಗಿದ ಬ್ಯಾಡ್ಜು: ಹಳೇ ಆಂಬುಲೆನ್ಸ್ ಬಿಲ್ಲೆಗಳ ಅಸಲಿ-ನಕಲಿ ಹಿಡಿದ ನನ್ನ ಅನುಭವ

ಹಳೇ ಫಸ್ಟ್ ಏಡ್ ಬ್ಯಾಡ್ಜುಗಳನ್ನು ನೀರಿನಲ್ಲಿ ತೂಗಿ ಅಸಲಿಯೋ ನಕಲಿಯೋ ಹೇಳುತ್ತೇನೆ ಅಂದಾಗ ಮಂಗಳೂರಿನ ನಮ್ಮ ಬ್ಯಾಡ್ಜು ಸಂಗ್ರಾಹಕರ ಬಳಗದಲ್ಲಿ ನಗದವರು ಕಡಿಮೆ. "ಎಂತ ಮಾರಾಯ್ರೆ, ಬಂಗಾರವಾ ಅದು?" ಅಂತ ಒಬ್ಬರು ಕೇಳಿದ್ದರು. ಈಗ ಅವರೇ ಹೊಸ ಮಾಲು ಸಿಕ್ಕಿದ ಕೂಡಲೇ ನನ್ನ ಮನೆಗೆ ಬರುತ್ತಾರೆ. ಹಾಗಾಗಿ ಬರೆದೇ ಬಿಡುತ್ತೇನೆ.

ಬ್ಯಾಡ್ಜಿನ ಮೇಲಿನ ಬ್ರಿಟಿಷ್ ಕಿರೀಟ ನೋಡಿ ಕಾಲ ಹೇಳುವುದು ನಿಮಗೆಲ್ಲ ಗೊತ್ತು. ಕಮಾನು ಉಬ್ಬಿದ್ದರೆ 1901ರಿಂದ 1952ರವರೆಗಿನ ರಾಜರ ಕಾಲ, ನಡುವೆ ತಗ್ಗಿದ್ದರೆ 1953ರ ನಂತರದ ರಾಣಿಯ ಕಾಲ. ಆದರೆ 2022ರಲ್ಲಿ ಚಾರ್ಲ್ಸ್ ಬಂದ ಮೇಲೆ ಮತ್ತೆ ಉಬ್ಬಿದ ಕಿರೀಟವೇ ಬಂತು. ಹೊಸದನ್ನು ಹಳೇದು ಅಂತ ಮಾರುವವರಿಗೆ ಹಬ್ಬ! ಇನ್ನು ಫಸ್ಟ್ ಏಡ್ ಕಲಿಸುವ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯ ಬರೀ ಎಂಟು ಮೊನೆಯ ಶಿಲುಬೆಯ ಬ್ಯಾಡ್ಜಿನಲ್ಲಿ ಕಿರೀಟವೇ ಇಲ್ಲ. ಅಲ್ಲಿ ಏನು ನೋಡುವುದು?

ನನ್ನ ದುಡ್ಡು ಹೋದದ್ದು ಅಲ್ಲೇ. ಬೆಳ್ಳಿ ಅಂತ ಹೇಳಿ ಮುಂಬೈಯ ಒಬ್ಬರು ಒಂದು ಶಿಲುಬೆ ಕಳಿಸಿದರು, ಸುಮಾರು 2,800 ರೂಪಾಯಿ. ಮ್ಯಾಗ್ನೆಟ್ ಹಿಡಿದೆ, ಅಂಟಲಿಲ್ಲ. ಅಂಟುವುದಾದರೂ ಹೇಗೆ? ಹಿತ್ತಾಳೆ, ಸತು, ಬೆಳ್ಳಿ ಯಾವುದೂ ಅಂಟುವುದಿಲ್ಲ. ಹಿಂದಿನ ಪಿನ್ನು ಕಬ್ಬಿಣದ್ದಾದರೆ ಅದೊಂದು ಅಂಟೀತು. ಆಮೇಲೆ ರಥಬೀದಿಯ ಅಕ್ಕಸಾಲಿ ಆಚಾರ್ರ ಹತ್ತಿರ ಒರೆಗಲ್ಲಿಗೆ ಹಚ್ಚಿಸಿದೆ. ಬೆಳ್ಳಿ ಅಲ್ಲ ಅಂತ ಗೊತ್ತಾಯಿತು, ಅಂಚಿನಲ್ಲಿ ಗೀರೂ ಬಿತ್ತು. ಗೀರು ಬಿದ್ದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಅಂತ ಮಾರಿದವರು ಕೈ ಎತ್ತಿದರು. ಅಂಥದ್ದೇ ಇನ್ನೆರಡು ಮೂರು ಸೇರಿ ಒಟ್ಟು ಹತ್ತು ಸಾವಿರದ ಹತ್ತಿರ ಮುಳುಗಿತು.

ಗೀರು ಬೀಳದ ಪರೀಕ್ಷೆ ಬೇಕಿತ್ತು. ಪಾಯಿಂಟ್ ಸೊನ್ನೆ ಒಂದು ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಆರೇಳು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಬ್ಯಾಡ್ಜನ್ನು ಒಣಗಿದ್ದಾಗಲೇ ತೂಗಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಬ್ಯಾಡ್ಜನ್ನು ನೂಲಿನಲ್ಲಿ ಕಟ್ಟಿ ನೀರೊಳಗೆ ಇಳಿಬಿಡಿ. ತಳಕ್ಕೂ ಬದಿಗೂ ತಾಗಬಾರದು. ತಕ್ಕಡಿ ಈಗ ತೋರಿಸುವುದು ಬ್ಯಾಡ್ಜು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಅದರಿಂದ ಭಾಗಿಸಿದರೆ ಲೋಹದ ಗುಟ್ಟು ಬಯಲು.

ನನ್ನ ಹತ್ತಿರದ ಒಂದು ಹಿತ್ತಾಳೆ ಕ್ಯಾಪ್ ಬ್ಯಾಡ್ಜು 9.3 ಗ್ರಾಂ ಇತ್ತು, ನೀರು 1.1 ತೋರಿಸಿತು. ಅಂದರೆ 8.4ರ ಆಚೀಚೆ. ಹಿತ್ತಾಳೆಗೆ ಸರಿ. ಜರ್ಮನ್ ಸಿಲ್ವರ್ (ಹೆಸರಿಗೆ ಮಾತ್ರ ಸಿಲ್ವರ್, ಬೆಳ್ಳಿ ಇಲ್ಲದ ಮಿಶ್ರಲೋಹ) ಆದರೆ 8.7ರ ಹತ್ತಿರ. ಸ್ಟರ್ಲಿಂಗ್ ಬೆಳ್ಳಿ (ನೂರರಲ್ಲಿ 92.5 ಪಾಲು ಬೆಳ್ಳಿ) 10.3 ದಾಟಬೇಕು. ಮುಂಬೈಯ 'ಬೆಳ್ಳಿ' ಶಿಲುಬೆ ಎಷ್ಟು ಬಂತು ಗೊತ್ತಾ? ಸುಮಾರು 6.7. ಸತುವಿನ ಎರಕಕ್ಕೆ ಕ್ರೋಮ್ ಬಳಿದದ್ದು! ಲೆಕ್ಕ ಹಾಕಿದ ಕಾಗದ ಇನ್ನೂ ಇಟ್ಟಿದ್ದೇನೆ.

ತೊಂದರೆ ಇಲ್ಲದಿಲ್ಲ. ಎನಾಮೆಲ್ ಜಾಸ್ತಿ ಇದ್ದರೆ ಅಂಕಿ ಇಳಿಯುತ್ತದೆ, ಅದು ಗಾಜೇ ಅಲ್ವಾ. ಹಿಂದೆ ಟೊಳ್ಳಿದ್ದರೆ ಗಾಳಿಗುಳ್ಳೆ ಕೂತು ಲೆಕ್ಕ ಕೆಡಿಸುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದರೆ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ನನ್ನದೇ ಒಂದು ಉಪಾಯ ಉಂಟು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಹಿತ್ತಾಳೆಯನ್ನೇ ಕರಗಿಸಿ ಎರಕ ಹೊಯ್ದ ನಕಲು ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರ್ ಬೇಕು. ಅಸಲಿಯಿಂದ ಅಚ್ಚು ತೆಗೆದು ಹೊಯ್ದದ್ದು ತಣಿಯುವಾಗ ಕುಗ್ಗುತ್ತದೆ. 38 ಮಿಲಿಮೀಟರಿನದು ಅರ್ಧ ಮಿಲಿಮೀಟರ್ ಸಣ್ಣದಾಗಿ ಬರುತ್ತದೆ. ಜೊತೆಗೆ ಭೂತಗನ್ನಡಿ ಹಿಡಿದು ಶಿಲುಬೆಯ ತೋಳುಗಳ ಸಂದಿಯಲ್ಲಿರುವ ಪ್ರಾಣಿಗಳನ್ನು ನೋಡಿ. ಎರಡು ಸಿಂಹ, ಎರಡು ಯೂನಿಕಾರ್ನ್. ನಾನು ಮೊದಲು ನೋಡುವುದು ಯೂನಿಕಾರ್ನ್‌ನ ಕೊಂಬನ್ನು. ಅಚ್ಚೊತ್ತಿದ ಅಸಲಿ ಬ್ಯಾಡ್ಜಿನಲ್ಲಿ ಅದು ಸವೆದಿದ್ದರೂ ಗೆರೆ ಚೂಪಾಗಿ ಉಳಿದಿರುತ್ತದೆ. ಎರಕದಲ್ಲಿ ಕೊಂಬು ಮೊಂಡಾಗಿ, ಯೂನಿಕಾರ್ನ್ ಬೀದಿ ನಾಯಿಯ ಹಾಗೆ ಕಾಣುತ್ತದೆ. ಸುತ್ತ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳೂ ಇರುತ್ತವೆ. ಹಳೇ ಅಚ್ಚಿನಿಂದಲೇ ಇತ್ತೀಚೆಗೆ ಒತ್ತಿದ್ದಾದರೆ ತೂಕವೂ ಅಳತೆಯೂ ಎರಡೂ ಸರಿ ಬರುತ್ತವೆ. ಅಲ್ಲಿ ಹಿಂಬದಿಯ ಕೊಂಡಿ, ಬೆಸುಗೆ, ಸವೆತ ನೋಡಬೇಕು. ಬ್ಯಾಡ್ಜು ತಯಾರಿಸುತ್ತಿದ್ದ ಬರ್ಮಿಂಗ್‌ಹ್ಯಾಮ್ ಕಂಪನಿಯ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ಹೆಸರು ಒತ್ತುವುದೇನು ಕಷ್ಟ?

ನಮ್ಮೂರಲ್ಲಿ ಒಂದು ಅನುಕೂಲ ಉಂಟು. ಗುಜರಿ ಅಂಗಡಿಯವರು ಸೇಂಟ್ ಜಾನ್ ಶಿಲುಬೆಯನ್ನು ಇಗರ್ಜಿಯ ಸಾಮಾನು ಅಂದುಕೊಂಡು ಜಪಸರ, ಪದಕಗಳ ಡಬ್ಬಿಗೆ ಹಾಕಿಬಿಡುತ್ತಾರೆ. ಬಂದರಿನ ಕಡೆ ಅಂಥ ಡಬ್ಬಿಯಲ್ಲಿ ಮುನ್ನೂರು ರೂಪಾಯಿಗೆ ನನಗೆ ಸಿಕ್ಕಿದ್ದು ಒಂದು ರೀ-ಎಕ್ಸಾಮಿನೇಶನ್ ಶಿಲುಬೆ, ಕಂಚಿನದು. ಹಿಂದೆ ಹೆಸರೂ ನಂಬರೂ ಕೊರೆದಿದೆ. ಫಸ್ಟ್ ಏಡ್ ಮರುಪರೀಕ್ಷೆ ಪಾಸಾದ ಒಂದೊಂದು ವರ್ಷಕ್ಕೆ ಆ ವರ್ಷ ನಮೂದಿಸಿದ ಒಂದೊಂದು ಪಟ್ಟಿ ರಿಬ್ಬನ್ನಿನಲ್ಲಿದೆ. ಇಂಥದ್ದರಲ್ಲಿ ಕಾಲ ಊಹಿಸುವ ಕೆಲಸವೇ ಇಲ್ಲ. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ರೈಲ್ವೆಯವರಿಗೆ ಫಸ್ಟ್ ಏಡ್ ತರಬೇತಿ ಕೊಡುತ್ತಿದ್ದರು, ಹಾಗಾಗಿ ಹಳೇ ರೈಲ್ವೆ ಮನೆಗಳ ಟ್ರಂಕು ಖಾಲಿ ಮಾಡುವ ಸುದ್ದಿ ಬಂದರೆ ನಾನು ಊಟ ಬಿಟ್ಟು ಹೋಗುತ್ತೇನೆ. ಹಾವು ಸುತ್ತಿದ ಕೋಲಿನ ಬ್ಯಾಡ್ಜನ್ನೂ ಆಂಬುಲೆನ್ಸ್ ಅಂತ ಮಾರುತ್ತಾರೆ. ಬಹುತೇಕ ಅದು ಸೈನ್ಯದ ಮೆಡಿಕಲ್ ಕೋರಿನದು, ಅದರ ಬೆಲೆಯೇ ಬೇರೆ.

ತೊಳೆಯುವ ವಿಷಯ. ಹುಣಸೆಹುಳಿ, ಬಿಂಬುಳಿ, ಪುನರ್ಪುಳಿ ಮೂರನ್ನೂ ತೂತಾದ ಬ್ಯಾಡ್ಜುಗಳ ಮೇಲೆ ಪ್ರಯೋಗಿಸಿ ನೋಡಿದೆ. ಮೂರೂ ಫಳಫಳ ಮಾಡುತ್ತವೆ, ಹಳೇ ಬಣ್ಣವನ್ನೂ ಜೊತೆಗೇ ಒಯ್ಯುತ್ತವೆ. ಬಿಂಬುಳಿ ಎಲ್ಲಕ್ಕಿಂತ ಜೋರು. ತೆಂಗಿನೆಣ್ಣೆಯಲ್ಲಿ ನೆನೆಸಿಟ್ಟದ್ದಕ್ಕೆ ಒಂದೆರಡು ತಿಂಗಳಲ್ಲಿ ಎಣ್ಣೆಯೇ ಹಸಿರಾಯಿತು. ಕಿಲುಬು ಬಿಡುತ್ತದೆ ನಿಜ, ಆದರೆ ಎಣ್ಣೆ ಹುಳಿತು ತಾಮ್ರವನ್ನೂ ತಿನ್ನುತ್ತದೆ. ಈಗ ನನ್ನದು ಡಿಸ್ಟಿಲ್ಡ್ ವಾಟರ್, ಮೆತ್ತನೆ ಬ್ರಷ್, ಬಿದಿರಿನ ಕಡ್ಡಿ, ಅಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಪಿವಿಸಿ ಆಲ್ಬಂ ಬೇಡವೇ ಬೇಡ. ಉಣ್ಣೆಯ ಬಟ್ಟೆಯೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಮುಳುಗಿದ ಹತ್ತು ಸಾವಿರ ಎರಡು ವರ್ಷದೊಳಗೆ ವಾಪಸು ಬಂತು, ಮೇಲೆ ಸ್ವಲ್ಪ ಉಳಿಯಿತು ಕೂಡ. ಆ ಮುನ್ನೂರು ರೂಪಾಯಿಯ ಶಿಲುಬೆಗೆ ಒಬ್ಬರು ಆರು ಸಾವಿರದವರೆಗೆ ಬಂದರು, ಕೊಡಲಿಲ್ಲ. ಹೆಸರು ಕೊರೆದದ್ದು ಯಾರ ಹತ್ತಿರವಾದರೂ ಇದ್ದರೆ ನಾನು ಎರಡು ಸಾವಿರದಿಂದ ಮಾತು ಶುರುಮಾಡುತ್ತೇನೆ. ಪಟ್ಟಿ ಜಾಸ್ತಿ ಇದ್ದಷ್ಟೂ ಜಾಸ್ತಿ. ತೊಳೆದು ಮಾತ್ರ ತರಬೇಡಿ, ತೊಳೆದದ್ದಕ್ಕೆ ಅರ್ಧವೇ.