ನಿಮ್ಮ ಸಾಲನ್ನು ಯಾರಾದರೂ ಅಳಿಸಿದಾಗ

ಕನ್ನಡ ವಿಕಿಪೀಡಿಯಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು. ನೀವು ಬರೆದಿದ್ದನ್ನು ಇನ್ನೊಬ್ಬರು ರದ್ದು ಮಾಡಿದರೆ ಕೂಡಲೇ ಮತ್ತೆ ಹಾಕಬೇಡಿ. ಮೊದಲು ಪುಟದ ಇತಿಹಾಸ ತೆರೆದು ಬದಲಾವಣೆಗೆ ಕಾರಣವಾಗಿ ಅವರು ಬರೆದ ಸಾರಾಂಶ ಓದಿ. ಎಷ್ಟೋ ಸಲ ಅಲ್ಲಿ ‘ಉಲ್ಲೇಖ ಇಲ್ಲ’ ಅಂತಷ್ಟೇ ಇರುತ್ತದೆ. ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟರೆ ತಕರಾರು ಅಲ್ಲಿಗೇ ಮುಗಿಯುತ್ತದೆ.

ನಮ್ಮೂರ ಕೆರೆಯ ಬಗ್ಗೆ ಬರೆದಾಗ ನನಗೂ ಹೀಗೇ ಆಯಿತು. ಅಜ್ಜ ಹೇಳಿದ್ದನ್ನೇ ಬರೆದಿದ್ದೆ. ಎರಡು ಸಲ ಅಳಿಸಿದರು, ಸಿಟ್ಟು ನೆತ್ತಿಗೇರಿತು. ಕೊನೆಗೆ ಚರ್ಚೆ ಪುಟದಲ್ಲಿ ಕೇಳಿದೆ. ಹಳೆಯ ಗ್ಯಾಸೆಟಿಯರ್ (ಊರು, ಜಿಲ್ಲೆಗಳ ವಿವರ ಇರುವ ಸರ್ಕಾರಿ ಪುಸ್ತಕ) ನೋಡಿ ಅಂತ ಅವರೇ ದಾರಿ ತೋರಿಸಿದರು. ಕೆರೆಯ ವಿವರ ಅದರಲ್ಲಿತ್ತು, ಸಾಲು ಉಳಿಯಿತು.

ಕೇಳುವಾಗ ‘ನಿಮಗೇನು ಗೊತ್ತು’ ಅನ್ನಬೇಡಿ, ‘ಈ ಇಸವಿಗೆ ಆಧಾರ ಯಾವುದು, ತಿಳಿಸ್ತೀರಾ?’ ಅನ್ನಿ. ಕೊನೆಗೆ ನಾಲ್ಕು ಟಿಲ್ಡೆ (~~~~) ಒತ್ತಿದರೆ ಸಹಿ, ಸಮಯ ತಾನಾಗಿ ಬೀಳುತ್ತವೆ. ಇಬ್ಬರಲ್ಲೇ ಬಗೆಹರಿಯದಿದ್ದರೆ ಎಲ್ಲರೂ ಸೇರಿ ಚರ್ಚಿಸುವ ‘ಅರಳಿಕಟ್ಟೆ’ ಪುಟದಲ್ಲಿ ಹಾಕಿ, ನಾಲ್ಕು ಜನ ನೋಡಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಂತೂ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು, ನಿಮ್ಮ ಮಾಹಿತಿ ಸರಿಯಿದ್ದರೂ.